ಒಡೆಯದ ಬಾಟಲಿಗಳು

ತಗ್ಗು ಅಗೆದು ಬಂದ ದಿನ ನನ್ನ ಹೆಂಡತಿ ನನ್ನನ್ನು ತಲೆಬಾಗಿಲಿನಿಂದ ಒಳಗೆ ಬಿಡುವುದಿಲ್ಲ. ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ, ಅಲ್ಲಿಟ್ಟ ಬಕೆಟ್ಟಿನ ನೀರಿನಲ್ಲಿ ಒಮ್ಮೆ, ಬಚ್ಚಲಿನಲ್ಲಿ ಇನ್ನೊಮ್ಮೆ ಮೈ ತೊಳೆದ ಮೇಲೆಯೇ ಚಹಾ. ಅದನ್ನೂ ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಾಳೆ. "ಮಂದಿ ಗುಡ್ಡಾ ಅಗದು ಇಲಿ ಹಿಡೀತಾರಂತ. ನೀವು ಸಂಡಾಸ ಅಗದು ಬಾಟ್ಲಿ ಹಿಡೀತೀರಿ," ಎನ್ನುತ್ತಾಳೆ. ಮದುವೆಯಾದಾಗ ನನಗೆ ಈ ಚಟ ಇರಲಿಲ್ಲ. ಇದ್ದಿದ್ದರೆ ಅವರಪ್ಪ ಹೆಣ್ಣು ಕೊಡುತ್ತಿರಲಿಲ್ಲ ಎನ್ನುವುದು ಅವಳ ಖಚಿತ ಅಭಿಪ್ರಾಯ.

ರಾಣೆಬೆನ್ನೂರಿನಲ್ಲಿ ನನ್ನದು ಬೀಜದ ಅಂಗಡಿ. ಅಂಗಡಿಯ ಹಿಂದೆ ಗೋದಾಮು ಕಟ್ಟಿಸಲು ಪಾಯ ತೆಗೆಸಿದಾಗ ಕಲ್ಲು ಕಟ್ಟಿದ ದುಂಡನೆಯ ಒಂದು ತಗ್ಗು ಸಿಕ್ಕಿತ್ತು. ಒಳಗೆ ಕರಿ ಮಣ್ಣು, ಬೂದಿ, ಅದರ ನಡುವೆ ಹಸಿರು ಗಾಜಿನ ಒಂದು ಪುಟ್ಟ ಬಾಟಲಿ. ತೊಳೆದು ಬಿಸಿಲಿಗೆ ಹಿಡಿದೆ. ಗಾಜಿನೊಳಗೆ ಗಾಳಿಯ ಗುಳ್ಳೆಗಳು ಸಿಕ್ಕಿಬಿದ್ದಿದ್ದವು. ಊದಿದವನ ಉಸಿರು ಇನ್ನೂ ಇದರೊಳಗಿದೆಯಲ್ಲ ಎನಿಸಿತು. ಅಷ್ಟೇ, ಹುಚ್ಚು ಹತ್ತಿತು. ಈಗ ಹತ್ತಿ ಬೀಜ ಕೇಳಲು ಬಂದ ರೈತರು ಕೂಡ "ಬಾಟ್ಲಿ ಸಾವ್ಕಾರ್ರು ಅದಾರೇನ್ರಿ?" ಎಂದೇ ಕೇಳುತ್ತಾರೆ.

ಹಳೆಯ ಮನೆಗಳಲ್ಲಿ ಬಾವಿ ಎಲ್ಲಿತ್ತು, ಜೋಳ ತುಂಬುತ್ತಿದ್ದ ಹಗೇವು ಎಲ್ಲಿತ್ತು ಎಂದು ಕೇಳಿ ನೋಡಿ, ಕೈ ಹಿಡಿದು ಕರೆದೊಯ್ದು ತೋರಿಸುತ್ತಾರೆ. ಪಾಯಖಾನೆಯ ತಗ್ಗು ಎಲ್ಲಿತ್ತು ಎಂದರೆ ಮಾತ್ರ ಎಲ್ಲರಿಗೂ ಮರೆವು. ತಮ್ಮ ಅಜ್ಜ, ಮುತ್ತಜ್ಜಂದಿರಿಗೆ ಅದರ ಗರಜೇ ಬೀಳುತ್ತಿರಲಿಲ್ಲವೇನೋ ಎಂಬಂತೆ ಮುಖ ಮಾಡುತ್ತಾರೆ. ಹೀಗಾಗಿ ನಾನೇ ಹುಡುಕಬೇಕು. ಬಾವಿಯಿಂದ ದೂರದ ಮೂಲೆ, ಹಿಂದಿನ ಓಣಿಗೆ ಹತ್ತಿದ ಗೋಡೆ, ಅಲ್ಲೊಂದು ಅತಿಯಾಗಿ ಹಚ್ಚಗಿರುವ ಕರಿಬೇವಿನ ಗಿಡವೋ ನಿಂಬೆಯ ಗಿಡವೋ ಇದ್ದರೆ ಅರ್ಧ ಕೆಲಸ ಆದಂತೆ. ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಊರುತ್ತ ಹೋಗುತ್ತೇನೆ. ಗಟ್ಟಿ ನೆಲದಲ್ಲಿ ಅದು ಗೇಣು ಇಳಿಯುವುದಕ್ಕೂ ಒದ್ದಾಡುತ್ತದೆ. ತಗ್ಗಿನ ಮೇಲೆ ಬಂದೊಡನೆ ಸುಮ್ಮನೆ ಇಳಿದುಬಿಡುತ್ತದೆ.

ವಾಸನೆ ಬರುವುದಿಲ್ಲವೇ ಎಂದು ಕೇಳುತ್ತಾರೆ. ಇಲ್ಲ, ಇಷ್ಟು ವರ್ಷಕ್ಕೆ ಎಲ್ಲವೂ ಮಣ್ಣಾಗಿರುತ್ತದೆ. ವಾಸನೆ ಇದ್ದ ಕಾಲದಲ್ಲಿ ಹಿಂದಿನ ಓಣಿಯಿಂದಲೇ ಬಂದು, ಮನೆಯವರ ಕಣ್ಣಿಗೆ ಬೀಳದಂತೆ ಎಲ್ಲವನ್ನೂ ತೆಗೆದು, ತಲೆಯ ಮೇಲೆ ಹೊತ್ತು ಹೋಗುತ್ತಿದ್ದವರು ಬೇರೆಯೇ ಇದ್ದರು. ಹುಟ್ಟಿದ್ದೇ ತಪ್ಪು ಎಂಬಂತೆ ಅವರ ಮೇಲೆ ಹೇರಿದ ಕೆಲಸವನ್ನು ನಾನು ರಬ್ಬರಿನ ಕೈಗವಸು ಹಾಕಿಕೊಂಡು ಭಾನುವಾರದ ಮೋಜಿಗೆ ಮಾಡುತ್ತಿದ್ದೇನೆ. ಒಮ್ಮೊಮ್ಮೆ ಅಗೆಯುತ್ತ ಇದ್ದಾಗಲೇ ಇದು ಹೊಳೆದು ನಾಚಿಕೆಯಾಗುತ್ತದೆ. ಸ್ವಲ್ಪ ಹೊತ್ತು ಗುದ್ದಲಿ ಕೆಳಗಿಟ್ಟು ಕೂರುತ್ತೇನೆ, ಮತ್ತೆ ಅಗೆಯುತ್ತೇನೆ. ಅದಕ್ಕಿಂತ ಹೆಚ್ಚಿನದೇನೂ ನನ್ನಿಂದ ಆಗಿಲ್ಲ.

ಸಿಗುವುದೆಲ್ಲ ಬಹುಮಟ್ಟಿಗೆ ಒಡೆದ ಮಾಲು. ಬಳೆಯ ಚೂರು, ಕಂದೀಲಿನ ಗಾಜು, ಪಿಂಗಾಣಿಯ ತುಣುಕು. ಗೋಲಿ ಸೋಡಾದ ಬಾಟಲಿಗೆ ಕುತ್ತಿಗೆಯೇ ಇರುವುದಿಲ್ಲ, ಗೋಲಿಯ ಆಸೆಗೆ ಹುಡುಗರು ಮುರಿದಿರುತ್ತಾರೆ. ಶಾಯಿಯ ಬಾಟಲಿಗಳಂತೂ ತಗ್ಗಿನ ತನಕ ಬರುತ್ತಲೇ ಇರಲಿಲ್ಲ, ಮುಚ್ಚಳಕ್ಕೆ ತೂತು ಹೊಡೆದು ಬತ್ತಿ ಏರಿಸಿ ಚಿಮಣಿ ಮಾಡಿಕೊಳ್ಳುತ್ತಿದ್ದರು. ಇಡಿಯಾಗಿ ಸಿಗುತ್ತಿದ್ದುದು ಒಂದೇ ಜಾತಿ, ದವಾಖಾನೆಯ ಔಷಧದ ಬಾಟಲಿ. ಅಂಗೈ ಉದ್ದ, ಒಂದು ಮಗ್ಗುಲು ಚಪ್ಪಟೆ, ಸಣ್ಣ ಬಾಯಿ. ಕಂಪೌಂಡರು ಅದರಲ್ಲಿ ಔಷಧ ತುಂಬಿ, ಒಂದೊಂದು ಹೊತ್ತಿಗೆ ಎಷ್ಟೆಂದು ತಿಳಿಯಲು ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದ. ಕಾಗದ ಕೊಳೆತುಹೋಗಿರುತ್ತದೆ, ಬಾಟಲಿಗೆ ಒಂದು ಸೀಳೂ ಇರುವುದಿಲ್ಲ. ಗುತ್ತಲದ ಒಂದು ಮನೆಯ ತಗ್ಗಿನಲ್ಲಿ ಇಂಥವು ಎರಡು ಪಕ್ಕಪಕ್ಕದಲ್ಲೇ ಸಿಕ್ಕಾಗ ನಾನು ಕೂಗಿದ ಕೂಗಿಗೆ ಮನೆಯವರು ಹಾವು ಕಡಿಯಿತೆಂದು ಓಡಿಬಂದಿದ್ದರು. ಅವನ್ನೆಲ್ಲ ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟು, ಹಿಂದೊಂದು ಸಣ್ಣ ಬಲ್ಬು ಹಾಕಿಸಿದ್ದೆ. ಬಂದವರಿಗೆಲ್ಲ ತೋರಿಸುತ್ತಿದ್ದೆ. ಎಲ್ಲವೂ ಒಡೆದಿರುವಾಗ ಇವು ಮಾತ್ರ ಯಾಕೆ ಒಡೆದಿಲ್ಲ ಎಂದು ಒಮ್ಮೆಯೂ ಯೋಚಿಸಲಿಲ್ಲ. ಗಾಜು ದಪ್ಪ ಇರಬೇಕು ಅಂದುಕೊಂಡಿದ್ದೆ.

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕನನ್ನು ಬ್ಯಾಡಗಿಗೆ ಕೊಟ್ಟಿತ್ತು. ಮೆಣಸಿನಕಾಯಿ ವ್ಯಾಪಾರದ ಮನೆ. ಅಂಗಳದಲ್ಲಿ ಕಾಲಿಟ್ಟರೆ ಮೊದಲು ಸೀನು, ಆಮೇಲೆ ಕುಶಲ ಪ್ರಶ್ನೆ. ಅವರ ಹಿತ್ತಲನ್ನು ನಾನು ಸಲಾಕೆ ಹಿಡಿದು ಎಷ್ಟು ಸಲ ಚುಚ್ಚಿದ್ದೇನೋ ಲೆಕ್ಕವಿಲ್ಲ. ಅಷ್ಟು ಹಳೆಯ ಮನೆಗೆ ತಗ್ಗು ಇಲ್ಲದಿರಲು ಸಾಧ್ಯವಿಲ್ಲ. ಮೂಲೆ ಮೂಲೆ ನೋಡಿದೆ, ನಿಂಬೆ ಗಿಡದ ಬುಡ ನೋಡಿದೆ, ಸಿಗಲಿಲ್ಲ. ಸೋತು ಬಂದು ಹಿತ್ತಲಿನ ತುಳಸಿಕಟ್ಟೆಯ ಅಂಚಿನಲ್ಲಿ ಕುಳಿತರೆ ಅತ್ತೆ ಚಹಾ ತಂದುಕೊಡುತ್ತಿದ್ದಳು. "ಸಿಕ್ಕಿತೇನೋ?" ಎಂದು ಕೇಳುತ್ತಿದ್ದಳು. ಇಲ್ಲ ಎಂದರೆ, "ಸಿಗದಿದ್ರ ಬಿಡು," ಎಂದು ಒಳಗೆ ಹೋಗುತ್ತಿದ್ದಳು. ಆ ಮನೆಯ ತುಳಸಿಯಷ್ಟು ಸೊಂಪಾದ ತುಳಸಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅತ್ತೆಯ ಭಕ್ತಿಯ ಫಲ ಅಂತಲೇ ಎಲ್ಲರೂ ಹೇಳುತ್ತಿದ್ದರು, ನಾನೂ ತಲೆ ಆಡಿಸುತ್ತಿದ್ದೆ.

ಮಾವ ತೀರಿಕೊಂಡು ವರ್ಷಗಳಾಗಿವೆ. ಅತ್ತೆ ಈಗ ಹಾವೇರಿಯಲ್ಲಿ ವಕೀಲನಾಗಿರುವ ಮಗನ ಜೊತೆ, ಸೊಸೆ ಮೊಮ್ಮಕ್ಕಳ ನಡುವೆ ಸುಖವಾಗಿಯೇ ಇದ್ದಾಳೆ. ಹೋದ ಚಳಿಗಾಲದಲ್ಲಿ ಬ್ಯಾಡಗಿಯ ಮನೆ ಮಾರಾಟವಾಯಿತು. ಕೊಂಡವರು ಅಲ್ಲಿ ನೆಲಮಾಳಿಗೆ ಸಮೇತ ಕಾಂಪ್ಲೆಕ್ಸು ಎಬ್ಬಿಸುವವರು. ಮನೆ ಕೆಡವಿ ಆಗಿತ್ತು, ಇನ್ನು ಹಿತ್ತಲಿನ ಸಮೇತ ಜಾಗವನ್ನು ಆಳಕ್ಕೆ ಅಗೆದು ಮಣ್ಣು ಸಾಗಿಸುವುದಿತ್ತು. ಆಗ ಒಂದು ಮುಂಜಾನೆ ಅತ್ತೆ ಫೋನು ಮಾಡಿದಳು. "ಗಾಡಿ ತಗೊಂಡು ಲಗೂನ ಬಾ. ನಿನ್ನ ಅಗಿಯೂ ಸಾಮಾನೂ ತಗೊಂಡು ಬಾ." ಯಾಕೆ ಎಂದು ಕೇಳುವುದರೊಳಗೆ ಇಟ್ಟುಬಿಟ್ಟಳು.

ಹಾವೇರಿಯಲ್ಲಿ ಆಕೆಯನ್ನು ಕೂರಿಸಿಕೊಂಡು ಹೊರಟೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗಿದೆವು. ಆಕೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ತಮ್ಮಾ, ನಮ್ಮನಿ ಹಿತ್ತಲದಾಗ ನಿನಗ ತಗ್ಗು ಸಿಗಲೇ ಇಲ್ಲ ಅಲ್ಲ?"

"ಇಲ್ಲ ಅತ್ತಿ. ನೀವೆಲ್ಲಾ ಹೊಲದ ಕಡೆ ಹೋಗ್ತಿದ್ರಿ ಅಂತ ಕಾಣಸ್ತೈತಿ."

"ಮಳಿಗಾಲದಾಗ ಬಸರಿ ಹೆಣ್ಮಕ್ಕಳು ಹೊಲಕ್ಕ ಹೋಗ್ತಾರೇನೋ ಹುಚ್ಚಾ? ತುಳಸಿಕಟ್ಟಿ ಕೆಳಗೈತಿ."

ನಾನು ಗಾಡಿಯನ್ನು ಬದಿಗೆ ನಿಲ್ಲಿಸಿಬಿಟ್ಟೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಅದರ ಮೇಲೆಯೇ ಕುಳಿತು ಚಹಾ ಕುಡಿದಿದ್ದೆ. ಹುಡುಕುವುದರಲ್ಲಿ ನನ್ನಂಥ ಶಾಣ್ಯಾ ಇಲ್ಲ ಎಂದುಕೊಂಡಿದ್ದವನಿಗೆ, ತುಳಸಿಯ ಕೆಳಗೆ ಅದು ಇರಬಹುದು ಎಂದು ಹೊಳೆಯಲು ಸಾಧ್ಯವೇ ಇರಲಿಲ್ಲ. ನಮ್ಮ ಕಡೆ ಹುಟ್ಟಿ ಬೆಳೆದ ಯಾರಿಗೂ ಹೊಳೆಯುತ್ತಿರಲಿಲ್ಲ. ನಗು ಬಂತು. ಅತ್ತೆಯ ಮುಖ ನೋಡಿ ನಗು ನಿಂತಿತು.

ಆಕೆಯ ಮೊದಲ ಕೂಸು ಹೆಣ್ಣು. ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಾಗಲೇ ಜ್ವರ, ಕೆಮ್ಮು ಬಂದು ಹೋಯಿತಂತೆ. ಈ ವಿಷಯ ನನಗೆ ಅರೆಬರೆ ಗೊತ್ತಿತ್ತು, "ಒಂದು ಹೋಗಿತ್ತು" ಎಂಬ ಒಂದು ಮಾತಿನಷ್ಟು. ಫೋಟೋ ಇಲ್ಲ. ತೊಟ್ಟಿಲು ಮುಂದಿನ ಮಕ್ಕಳಿಗಾಯಿತು, ಅಂಗಿ ಕುಲಾಯಿ ಕೂಸಿನ ಜೊತೆಗೇ ಮಣ್ಣಿಗೆ ಹೋದವು. ಉಳಿದದ್ದು ಅದು ಕುಡಿಯುತ್ತಿದ್ದ ಔಷಧದ ಬಾಟಲಿ.

"ಆ ಕಾಲಕ್ಕ ದವಾಖಾನಿಗೆ ಬಾಟ್ಲಿ ನಾವ ಒಯ್ಯಬೇಕಿತ್ತು," ಎಂದಳು ಅತ್ತೆ. "ಬಾಟ್ಲಿ ಇಲ್ಲಂದ್ರ ಔಷಧ ಇಲ್ಲ. ಮನಿಗೊಂದೋ ಎರಡೋ ಇರ್ತಿದ್ದವು. ತೊಳದು ತೊಳದು ಇಡತಿದ್ವಿ. ನೆರಮನ್ಯಾವ್ರು ಕೇಳ್ಕೊಂಡು ಒಯ್ತಿದ್ರು. ಚಲೋ ಬಾಟ್ಲಿ ಯಾರರ ಹೊರಗ ಒಗೀತಾರೇನು? ಆದ್ರ ಕುಡಿಯೂ ಕೂಸು ಹೋತಂದ್ರ ಆ ಬಾಟ್ಲಿ ಮನ್ಯಾಗ ಇಡಬಾರದು. ಒಡೀಲೂಬಾರದು, ಒಡದ್ರ ಮುಂದಿನ ಕೂಸಿಗೆ ಕೇಡಂತ. ಬೂಚ ಬಡದು ಸಂಡಾಸದಾಗ ಬಿಡತಿದ್ರು. ಅಲ್ಲಿಂದ ಯಾರೂ ತಗದು ತೊಳದು ಬಳಸಾಂಗಿಲ್ಲ ನೋಡು, ಅದಕ್ಕ."

ಬಲ್ಬಿನ ಬೆಳಕಿನಲ್ಲಿ ಸಾಲಾಗಿ ನಿಂತ ನನ್ನ ಔಷಧದ ಬಾಟಲಿಗಳು ಒಂದೊಂದಾಗಿ ಕಣ್ಣಿಗೆ ಬಂದವು. ಗುತ್ತಲದ ಆ ಜೋಡಿ ಬಂತು. ಅಲ್ಲಿ ನಾನು ಕೂಗಿ ಕುಣಿದದ್ದು ಬಂತು. ನನಗೆ ಗೊತ್ತಿರಲಿಲ್ಲ ಎಂದು ಯಾರಿಗೆ ಹೇಳುವುದು?

ಅತ್ತೆ ಮುಂದುವರಿಸಿದಳು. ಬಾಟಲಿಯನ್ನು ಕೊಂಡೊಯ್ದು ಹಾಕಿದ್ದು ಆಕೆಯ ಅತ್ತೆ. "ಆಕಿ ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. 'ಅಳಬ್ಯಾಡ, ಒಗದ ಮ್ಯಾಲ ಮರೀತೈತಿ' ಅಂದ್ಲು. ಅರ್ಧ ಔಷಧ ಹಂಗ ಇತ್ತು ಅದರಾಗ." ಮುಂದೆ ಅತ್ತೆಯ ಅತ್ತೆ ತೀರಿಕೊಂಡು, ಮನೆಗೆ ಹೊಸ ಸಂಡಾಸು ಆಗಿ, ಹಳೆಯ ತಗ್ಗು ಮುಚ್ಚಿದಾಗ ಈಕೆ ಅದರ ಮೇಲೆ ತುಳಸಿ ಇಡುತ್ತೇನೆ ಎಂದಳು. ಮಾವ ಯಾಕೆ ಎಂದು ಕೇಳಲಿಲ್ಲವಂತೆ. ಮರುದಿನ ತಾನೇ ಕಟ್ಟೆಗೆ ಇಟ್ಟಂಗಿ ಹೊರಿಸಿಕೊಂಡು ಬಂದನಂತೆ. ಅಂದಿನಿಂದ ದಿನಾ ಬೆಳಿಗ್ಗೆ ಆಕೆ ಅಲ್ಲಿ ನೀರು ಹಾಕುತ್ತಿದ್ದಳು.

"ಈಗ ಏನ ಮಾಡ್ತಿ ಅತ್ತಿ ಅದನ್ನ ತಗೊಂಡು?"

"ಏನೂ ಮಾಡೂದಿಲ್ಲ. ಅದು ಟ್ರ್ಯಾಕ್ಟರ್ ತುಂಬಿ ಯಾರದೋ ಪ್ಲಾಟಿಗೆ ಹೋಗಿ ಬೀಳಬಾರದು, ಅಷ್ಟ. ನೀ ಅದನ್ನ ಹುಡುಕಿಕೊಡು. ನಿನ್ನಷ್ಟು ಚಂದ ಯಾರು ಹುಡುಕತಾರ?"

ಬ್ಯಾಡಗಿಯಲ್ಲಿ ಮನೆಯಿದ್ದ ಕಡೆ ಬಯಲು. ಹಿಂದಿನ ಓಣಿಯಲ್ಲಿ ಜೆಸಿಬಿ ನಿಂತಿತ್ತು. ಮಧ್ಯಾಹ್ನದ ಊಟದ ಮೇಲೆ ಸುರು ಮಾಡುತ್ತೇನೆ ಎಂದು ಅದರ ಡ್ರೈವರು ನೆರಳಿನಲ್ಲಿ ಅಡ್ಡಾಗಿದ್ದ. ತುಳಸಿಯನ್ನು ಮೊದಲೇ ಪೂಜೆ ಮಾಡಿಸಿ ಕುಂಡದಲ್ಲಿ ಹಾವೇರಿಗೆ ಒಯ್ದಿದ್ದರು. ಬೋಳು ಕಟ್ಟೆ ಒಂದೇ ಉಳಿದಿತ್ತು. ನಾನು ಹಾರೆ ಹಾಕಿ ಇಟ್ಟಂಗಿ ಕೀಳುತ್ತಿದ್ದಂತೆ, ಕೊಂಡವರಿಗೆ ಏನೋ ಕಾಗದ ಕೊಡಲು ಬಂದಿದ್ದ ಅತ್ತೆಯ ಮಗ ನಮ್ಮನ್ನು ಕಂಡು ಓಡಿಬಂದ.

"ಭಾವಾ, ತುಳಸಿಕಟ್ಟಿ ಯಾಕ ಒಡ್ಯಾಕತ್ತೀರಿ? ಬುದ್ಧಿ ಐತೇನ್ರಿ ನಿಮಗ?"

ಅತ್ತೆ ಕಲ್ಲಿನ ಮೇಲೆ ಕುಳಿತಲ್ಲಿಂದಲೇ ಎರಡು ಮಾತಿನಲ್ಲಿ ಕೆಳಗೆ ಏನಿದೆ ಎಂದು ಹೇಳಿದಳು. ಆತನ ಬಾಯಿ ತೆರೆದೇ ಉಳಿಯಿತು. "ಅವ್ವಾ, ಕಾರ್ತೀಕದಾಗ ಊರ ಮಂದಿ ಎಲ್ಲಾ ಇಲ್ಲೇ ದೀಪಾ ಹಚ್ಚತಿದ್ರು. ನಮ್ಮ ಆಚಾರ್ರು 'ಎಂಥಾ ಜಾಗಾ ಆರಿಸೀರಿ ತಾಯಿ' ಅಂತಿದ್ರು!"

"ಅವರು ಅಂದದ್ದು ಖರೇನ ಐತಿ," ಎಂದಳು ಅತ್ತೆ. ಆಮೇಲೆ ಬಾಟಲಿಯ ಮಾತು ಹೇಳಿದಳು. ತನಗೊಬ್ಬ ಅಕ್ಕ ಇದ್ದಳು ಎನ್ನುವುದನ್ನು ಆತ ಅಷ್ಟು ವಿವರವಾಗಿ ಕೇಳಿದ್ದು ಅದೇ ಮೊದಲು. ಅಂಗಿಯ ತೋಳು ಮಡಚಿದ, ಆದರೆ ಕೈ ಹಚ್ಚಲಿಲ್ಲ. ಅಲ್ಲೇ ನಿಂತ.

ಕಟ್ಟೆಯ ಕೆಳಗೆ ತುಳಸಿಯ ಬೇರು ಬಲೆಯಂತೆ ಹೆಣೆದುಕೊಂಡಿತ್ತು. ಅದನ್ನು ಕತ್ತರಿಸುವಾಗ ಕೈ ಹಿಂಜರಿಯಿತು. ಬೇರು ದಾಟಿದ ಮೇಲೆ ಕರಿ ಮಣ್ಣು, ಬೂದಿ, ಮೆಣಸಿನಕಾಯಿಯ ಬೀಜ. ಒಂದು ಆಳು ನಿಲ್ಲುವಷ್ಟು ಇಳಿದ ಮೇಲೆ ಗುದ್ದಲಿ ಬಿಟ್ಟು ಕೈಯಿಂದಲೇ ಮಣ್ಣು ಬಿಡಿಸಿದೆ. ಬಳೆಯ ಚೂರು ಬಂತು, ಕಪ್ಪಿನ ಹಿಡಿಕೆ ಬಂತು. ಆಮೇಲೆ ಬೆರಳಿಗೆ ನುಣ್ಣಗೆ ಏನೋ ತಾಗಿತು. ಚಪ್ಪಟೆ ಮಗ್ಗುಲು, ಸಣ್ಣ ಬಾಯಿ. ಒಂದು ಸೀಳೂ ಇಲ್ಲ.

"ಸಿಕ್ಕಿತು ಅತ್ತಿ!"

ಆಕೆಯ ಕೈ ತಗ್ಗಿನ ಅಂಚಿಗೆ ಬಂತು. ಬಾಟಲಿ ಕೊಟ್ಟೆ. ಸೆರಗಿನಿಂದ ಒರೆಸಿ, ಎದೆಗೆ ಹಿಡಿದುಕೊಂಡು, ಬಾಯಿ ಬಿಟ್ಟು ಅತ್ತಳು. ಇಷ್ಟು ವರ್ಷ ಯಾರೆದುರೂ ಅಳದೆ ಇಟ್ಟುಕೊಂಡಿದ್ದ ಅಳು ಅದು. ಮಗ ಹೋಗಿ ಭುಜ ಹಿಡಿದ. ನನಗೂ ಕಣ್ಣು ತುಂಬಿತು. ಜೀವನದಲ್ಲಿ ಒಂದೇ ಒಂದು ಸಲ ನನ್ನ ಈ ಹಾಳು ಚಟ ಯಾರಿಗೋ ಉಪಯೋಗಕ್ಕೆ ಬಂತು ಅನಿಸಿತು. ಗುದ್ದಲಿ ಎತ್ತಿಕೊಳ್ಳಲು ಬಗ್ಗಿ ತಳಕ್ಕೆ ಕೈ ಊರಿದೆ. ಊರಿದ ಕೈಯ ಕೆಳಗೆ ಇನ್ನೊಂದು ಇತ್ತು.

ಅದನ್ನು ನಾನು ಅಲ್ಲೇ ಮಣ್ಣು ಎಳೆದು ಮುಚ್ಚಿಬಿಡಬೇಕಿತ್ತು. ಅಷ್ಟು ಹೊಳೆಯಲಿಲ್ಲ. ಅಗೆಯುವವನ ಕೈ, ತಾನಾಗಿಯೇ ತೆಗೆಯಿತು. ಅದರ ಮಗ್ಗುಲಿಗೆ ಮೂರನೆಯದು. ಇನ್ನಷ್ಟು ಕೆಳಗೆ, ಬೂದಿಯ ಪದರಿನಲ್ಲಿ, ನಾಲ್ಕನೆಯದು. ಆಮೇಲೆ ಗಟ್ಟಿ ನೆಲ ಬಂತು.

ಅತ್ತೆಯ ಅಳು ನಿಂತಿತ್ತು. ನಾಲ್ಕನ್ನೂ ತನ್ನ ಮುಂದೆ ಇಡಿಸಿಕೊಂಡಳು. ಒಂದೇ ಅಚ್ಚಿನವು, ಒಂದೇ ಅಳತೆ, ಒಂದೇ ಹಸಿರು. ಬೂಚುಗಳು ಕೊಳೆತು ಹುಡಿಯಾಗಿ, ಒಳಗೆಲ್ಲ ಮಣ್ಣು ಕೂತಿತ್ತು.

"ನಂದು ಅರ್ಧ ತುಂಬಿತ್ತು," ಎಂದಳು ಮೆಲ್ಲಗೆ. ಎಲ್ಲವೂ ಅರ್ಧವೇ ತುಂಬಿರಬೇಕು. ಔಷಧ ಮುಗಿಯುವ ತನಕ ಕೂಸು ಉಳಿದಿದ್ದರೆ ಬಾಟಲಿ ಮತ್ತೆ ದವಾಖಾನೆಗೆ ಹೋಗುತ್ತಿತ್ತು, ಇಲ್ಲಿಗೆ ಬರುತ್ತಿರಲಿಲ್ಲ.

ಆಕೆ ಕಣ್ಣು ಮುಚ್ಚಿ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದಳು. ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಕೂಸಿನ ತಲೆಗೆ ಆಸರೆ ಕೊಟ್ಟಂತೆ ಮಡಿಸಿ, ಸ್ವಲ್ಪ ಬಗ್ಗಿಸಿ. ಮೊದಲನೆಯದು, ಎರಡನೆಯದು, ಮೂರು, ನಾಲ್ಕು. ಮತ್ತೆ ಮೊದಲಿನಿಂದ.

"ಎಲ್ಲಾನೂ ನಂದ ಅನಸ್ತಾವಲ್ಲೋ ತಮ್ಮಾ." ನನ್ನ ಕಡೆ ತಿರುಗಿದಳು. "ನೀ ಹೇಳು. ಬಾಟ್ಲಿ ನೋಡಿದ ಕೂಡ್ಲೆ ಯಾವ ಕಾಲದ್ದಂತ ಹೇಳ್ತೀಯಲ್ಲ. ಯಾವುದು ನಂದು?"

ನಾಲ್ಕನ್ನೂ ತಿರುಗಿಸಿ ನೋಡಿದೆ. ತಳ ನೋಡಿದೆ, ಅಚ್ಚಿನ ಗೆರೆ ನೋಡಿದೆ, ಬಾಯಿ ನೋಡಿದೆ. ನನ್ನ ಇಷ್ಟು ವರ್ಷದ ವಿದ್ಯೆ ಒಂದು ಕೂದಲಷ್ಟೂ ಕೆಲಸಕ್ಕೆ ಬರಲಿಲ್ಲ. ಆಕೆ ಕಾಯುತ್ತಿದ್ದಳು. ನಾನು ಆಕೆ ಸೆರಗಿನಿಂದ ಒರೆಸಿದ್ದ, ಮೊದಲು ಸಿಕ್ಕದ್ದನ್ನು ಎತ್ತಿ, "ಇದ ಅತ್ತಿ. ಇದು ಮ್ಯಾಲಿತ್ತಲ್ಲ, ಕಡೀಕ ಬಿದ್ದದ್ದು ಇದ," ಎಂದೆ.

ತೆಗೆದುಕೊಂಡಳು. ನನ್ನ ಮುಖವನ್ನೇ ನೋಡಿದಳು. "ಕಡೀಕ ಬಿದ್ದದ್ದು ನಂದ ಅಂತ ನಿನಗ ಹೆಂಗ ಗೊತ್ತು? ನನ್ನ ಹಿಂದ ಮೈದುನನ ಹೆಂಡ್ತಿ ಬಂದ್ಲು. ಅವರು ಪಾಲ ತಗೊಂಡು ಹೋಗೂತನಕ ಇದ ಮನ್ಯಾಗ ಇದ್ದಾಕಿ. ಆಕೀನೂ ಏನೂ ಹೇಳಾಕಿ ಅಲ್ಲ."

ಆ ಚಿಕ್ಕತ್ತೆಯೂ ಈಗಿಲ್ಲ. ಕೇಳಲು ಯಾರೂ ಉಳಿದಿಲ್ಲ.

ಅತ್ತೆ ಬಾಟಲಿಯನ್ನು ಉಳಿದ ಮೂರರ ಸಾಲಿಗೇ ಇಟ್ಟಳು. ಆ ಸಾಲಿನ ಮೇಲೆ ಕೈಯಾಡಿಸಿ, "ಇದರಾಗ ನಮ್ಮತ್ತೀದೂ ಇರಬೇಕು. ಅಳಲಿಲ್ಲ ಅಂತ ಆಕಿ ಸಾಯೂತನಕ ಸಿಟ್ಟ ಇಟ್ಕೊಂಡಿದ್ದೆ," ಎಂದಳು.

ಡ್ರೈವರು ಊಟ ಮುಗಿಸಿ ಕೈ ತೊಳೆದುಕೊಂಡು ಬಂದು, "ಯಜಮಾನ್ರ, ಸುರು ಮಾಡಲೇನ್ರಿ?" ಎಂದು ಕೇಳಿದ. ನಾನು ಮಗನ ಮುಖ ನೋಡಿದೆ. ಆತ ಅವ್ವನ ಮಗ್ಗುಲಿಗೆ ಕುಕ್ಕುರುಗಾಲಿನಲ್ಲಿ ಕೂತ. ಸಿಟ್ಟಿನಿಂದಲ್ಲ, ಹೆದರಿಕೆಯಿಂದ ಹೇಳಿದ, "ಅವ್ವಾ, ಮನ್ಯಾಗ ಸಣ್ಣ ಮಕ್ಕಳದಾವು. ಇಂಥಾವನ್ನ ಮನಿಗೆ ತರಬಾರದಂತ ನೀನ ಹೇಳಿದಿ. ಯಾವುದು ಅಂತಾನೂ ಗೊತ್ತಾಗವಲ್ದು. ಇಲ್ಲೇ ಬಿಟ್ಟು ಹೋಗೂಣು."

ಅತ್ತೆ ಹೌದೆಂದು ತಲೆ ಆಡಿಸಿದಳು. ಮಗ ಆಕೆಯ ರಟ್ಟೆ ಹಿಡಿದು ಎಬ್ಬಿಸಲು ಹೋದ. ಆಕೆ ಏಳಲಿಲ್ಲ.

"ನಂದೊಂದ ಆಗಿದ್ರ ನಿನ್ನ ಮಾತು ಕೇಳಿ ಬಿಟ್ಟು ಬರ್ತಿದ್ದೆನೋ ಏನೋ," ಎಂದಳು. "ಮಂದಿ ಕೂಸುಗಳನ್ನ ಹೆಂಗ ಬಿಟ್ಟು ಬರಲೋ?"

ಓಣಿಯಲ್ಲಿ ಜೆಸಿಬಿ ಚಾಲೂ ಆಯಿತು. ಮಗ ಹಿಡಿದ ರಟ್ಟೆಯನ್ನು ಬಿಟ್ಟ. ನಾನು ಕೈ ಮಣ್ಣು ಮಾಡಿಕೊಂಡು ನಿಂತಿದ್ದೆ. ಆಕೆಯನ್ನು ಎಬ್ಬಿಸುವುದೂ ನಮ್ಮಿಂದ ಆಗಲಿಲ್ಲ, ಬಾಟಲಿಗಳನ್ನು ಎತ್ತಿಕೊಳ್ಳುವುದೂ ಆಗಲಿಲ್ಲ.